ಚಿಕ್ಕದು ಮಾಡುವ ಚಪಲ

ಇವತ್ತು ರಾಜಕೀಯ ಇಲ್ಲ. ಬ್ರೇಕಿಂಗ್ ನ್ಯೂಸ್ ಕೂಡ ಇಲ್ಲ. ಇವತ್ತು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಆ ಪದ 'ಬಿಲಿಟಲ್'. ಇನ್ನೊಬ್ಬರನ್ನು ಕೀಳಾಗಿ ಕಾಣುವುದು, ಹೀಯಾಳಿಸುವುದು, ಅವರ ಯೋಗ್ಯತೆ ಎಷ್ಟಿದೆಯೋ ಅದಕ್ಕಿಂತ ಚಿಕ್ಕದು ಮಾಡಿ ತೋರಿಸುವುದು ಅಂತ ಅದರ ಅರ್ಥ. 'ಲಿಟಲ್' ಅಂದ್ರೆ ಚಿಕ್ಕದು, ಎಲ್ಲರಿಗೂ ಗೊತ್ತು. ಅದರ ಹಿಂದೆ ಒಂದು 'ಬಿ' ಸೇರಿಕೊಂಡಿದೆ. ಫ್ರೆಂಡ್‌ಗೆ 'ಬಿ' ಸೇರಿದರೆ ಬಿಫ್ರೆಂಡ್, ಅಂದ್ರೆ ಸ್ನೇಹ ಮಾಡಿಕೊಳ್ಳೋದು. ಹಾಗೇ ಬಿಲಿಟಲ್ ಅಂದ್ರೆ ಚಿಕ್ಕದು ಮಾಡೋದು.

ಇದ್ದಕ್ಕಿದ್ದ ಹಾಗೆ ಇಂಗ್ಲಿಷ್ ಪಾಠ ಯಾಕೆ ಅಂತ ಕೇಳಬಹುದು ನೀವು. ಕಾರಣ ಒಂದು ಪೋಸ್ಟ್‌ಕಾರ್ಡ್. ಈ ಕಾಲದಲ್ಲೂ ನಮ್ಮ ಕಾರ್ಯಕ್ರಮಕ್ಕೆ ಪೋಸ್ಟ್‌ಕಾರ್ಡ್ ಬರೆಯುವವರಿದ್ದಾರೆ. ಬರೆದವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅದರ ಸಾರಾಂಶ ಇಷ್ಟು: ನಿಮ್ಮ ಕಾರ್ಯಕ್ರಮ ತಪ್ಪದೆ ನೋಡುವವನು ನಾನು. ಮೊನ್ನೆ ಫೋನ್-ಇನ್‌ನಲ್ಲಿ ಆ ರೈತರನ್ನು ನೀವು ಬಿಲಿಟಲ್ ಮಾಡಿದಿರಿ. ನೀವು ಓದಿದವರು. ಆ ಪದ ಹುಟ್ಟಿದ ಕಥೆಯನ್ನೂ ಒಮ್ಮೆ ಓದಿ.

ಏನಾಗಿತ್ತು ಅಂದ್ರೆ, ಮಳೆ ಕೈಕೊಟ್ಟ ದಿನಗಳು ಅವು. ಮೋಡ ಬಿತ್ತನೆ ಬಗ್ಗೆ ಚರ್ಚೆ ಇಟ್ಟುಕೊಂಡಿದ್ದೆವು. ಸ್ಟುಡಿಯೋದಲ್ಲಿ ಇಬ್ಬರು ಅತಿಥಿಗಳು, ಮಧ್ಯದಲ್ಲಿ ನಾನು. ನಾನು ಎಂಜಿನಿಯರಿಂಗ್ ಓದಿದವನು. ವಿಜ್ಞಾನದ ವಿಷಯ ಬಂದರೆ ನನಗೆ ಸ್ವಲ್ಪ ಉತ್ಸಾಹ ಜಾಸ್ತಿ, ಅದು ನಿಮಗೂ ಗೊತ್ತಿರುವ ದೌರ್ಬಲ್ಯ. ವಿಮಾನ, ಸಿಲ್ವರ್ ಅಯೋಡೈಡ್, ರಾಡಾರ್ ಅಂತೆಲ್ಲ ಗ್ರಾಫಿಕ್ಸ್ ಹಾಕಿ ವಿವರಿಸ್ತಾ ಇದ್ದೆ. ಅಷ್ಟರಲ್ಲಿ ಒಂದು ಕರೆ ಬಂತು. ಉತ್ತರ ಕರ್ನಾಟಕದ ಒಬ್ಬ ರೈತರು.

"ಸರ, ಮ್ಯಾಲ ಮೋಡಾನ ಇಲ್ಲ. ಮೋಡ ಇಲ್ಲದ ಬಿತ್ತನಿ ಎಲ್ಲಿ ಮಾಡ್ತಾರ್ರೀ?" ಅಂದರು.

ನಾನು ನಕ್ಕೆ. "ಯಜಮಾನ್ರೇ, ಏನು ಓದಿದೀರಿ ನೀವು?" ಅಂದೆ.

"ನಾಕನೇ ಇಯತ್ತೆ ಕಲತೀನ್ರೀ."

"ಇದು ಸ್ವಲ್ಪ ಟೆಕ್ನಿಕಲ್ ವಿಷಯ, ಬಿಡಿ. ಮುಂದಿನ ಕರೆ ತಗೊಳ್ಳೋಣ."

ಅಷ್ಟೇ. ಇಪ್ಪತ್ತು ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ. ಅತಿಥಿಗಳೂ ನಕ್ಕರು. ಪಿಸಿಆರ್‌ನಲ್ಲಿ ಕೂತ ನಮ್ಮ ಹುಡುಗರೂ ನಕ್ಕಿದ್ದು ನನ್ನ ಕಿವಿಯೊಳಗಿನ ಟಾಕ್‌ಬ್ಯಾಕ್‌ನಲ್ಲಿ ಕೇಳಿಸ್ತು. ಬುಲೆಟಿನ್ ಮುಗೀತು, ಮೇಕಪ್ ಒರೆಸ್ಕೊಂಡು ಮನೆಗೆ ಹೋದೆ. ಪೋಸ್ಟ್‌ಕಾರ್ಡ್ ಬರುವ ತನಕ ಅದು ನನಗೆ ನೆನಪೂ ಇರಲಿಲ್ಲ.

ಪೋಸ್ಟ್‌ಕಾರ್ಡ್ ಓದಿದ ಮೇಲೆ ಮೊದಲು ಕೋಪ ಬಂತು. ಏನು ತಪ್ಪು ಕೇಳಿದೆ ನಾನು? ಏನು ಓದಿದೀರಿ ಅಂತ ಕೇಳೋದು ಬೈಗುಳವಾ? ಆಮೇಲೆ, ಸರಿ, ಮೇಷ್ಟ್ರು ಹೇಳಿದ ಕಥೆ ಏನಿದೆ ನೋಡೇ ಬಿಡೋಣ ಅಂತ ಕೂತೆ. ಆ ಕಥೆಯನ್ನೇ ಈಗ ನಿಮ್ಮ ಮುಂದೆ ಇಡ್ತೀನಿ.

ಈ ಪದವನ್ನು ಮೊದಲು ಬರೆದವರು ಅಂತ ನಿಘಂಟುಗಳು ಹೆಸರಿಸುವುದು ಯಾರನ್ನು ಗೊತ್ತಾ? ಥಾಮಸ್ ಜೆಫರ್ಸನ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು, ಮುಂದೆ ಆ ದೇಶದ ಮೂರನೇ ಅಧ್ಯಕ್ಷರಾದವರು. ಅವರು ಈ ಪದವನ್ನು ಟಂಕಿಸಿದ್ದು ಯಾರನ್ನೋ ಹೀಯಾಳಿಸೋದಕ್ಕಲ್ಲ. ತಮ್ಮನ್ನು, ತಮ್ಮ ನೆಲವನ್ನು ಒಬ್ಬ ದೊಡ್ಡ ಮನುಷ್ಯ ಚಿಕ್ಕದು ಮಾಡಿದರಲ್ಲ ಅನ್ನುವ ನೋವಿಗೆ.

ಆ ದೊಡ್ಡ ಮನುಷ್ಯ ಫ್ರಾನ್ಸಿನ ಕೌಂಟ್ ಬಫಾನ್. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಪ್ರಾಣಿಶಾಸ್ತ್ರ ಅಂದ್ರೆ ಬಫಾನ್. ಪ್ಯಾರಿಸ್‌ನಲ್ಲಿದ್ದ ರಾಜರ ಸಸ್ಯೋದ್ಯಾನಕ್ಕೆ ಅವರೇ ಮುಖ್ಯಸ್ಥರು. 1749ರಿಂದ ಶುರುಮಾಡಿ ಸಂಪುಟದ ಮೇಲೆ ಸಂಪುಟ ಪ್ರಕೃತಿಯ ಚರಿತ್ರೆ ಬರೆದರು. ಸಾಮಾನ್ಯ ಪಂಡಿತರಲ್ಲ ಅವರು. ಆದರೆ ಅಮೆರಿಕದ ಬಗ್ಗೆ ಅವರೊಂದು ಸಿದ್ಧಾಂತ ಹೇಳಿದರು. ಆ ಖಂಡ ತಂಪು, ತೇವ ಜಾಸ್ತಿ. ಹಾಗಾಗಿ ಅಲ್ಲಿ ಪ್ರಕೃತಿಗೇ ಶಕ್ತಿ ಕಡಿಮೆ. ಯುರೋಪಿನಲ್ಲೂ ಅಮೆರಿಕದಲ್ಲೂ ಇರುವ ಪ್ರಾಣಿಗಳನ್ನು ಹೋಲಿಸಿದರೆ ಅಮೆರಿಕದವು ಚಿಕ್ಕವು. ಯುರೋಪಿನಿಂದ ಸಾಕುಪ್ರಾಣಿ ತಗೊಂಡು ಹೋದರೆ ಅಲ್ಲಿ ಅವೂ ಕುಗ್ಗುತ್ತವೆ. ಅಲ್ಲಿಯ ಮೂಲನಿವಾಸಿಗಳು ಕೂಡ ದುರ್ಬಲರು, ಉತ್ಸಾಹ ಇಲ್ಲದವರು. ಇದು ಅವರ ವಾದ.

ಬಫಾನ್ ಅಮೆರಿಕಕ್ಕೆ ಎಷ್ಟು ಸಲ ಹೋಗಿದ್ದರು? ಒಂದು ಸಲವೂ ಇಲ್ಲ. ಪ್ರವಾಸಿಗಳು ಬರೆದದ್ದು, ಹೇಳಿದ್ದು, ತಂದುಕೊಟ್ಟ ಚರ್ಮ, ಮೂಳೆ, ಇಷ್ಟರ ಮೇಲೆ ಒಂದು ಇಡೀ ಖಂಡಕ್ಕೆ ತೀರ್ಪು.

ಅದೇ ಕಾಲದಲ್ಲಿ ಅಬೆ ರೇನಾಲ್ ಅನ್ನುವ ಇನ್ನೊಬ್ಬ ಫ್ರೆಂಚ್ ಲೇಖಕ ಒಂದು ಹೆಜ್ಜೆ ಮುಂದೆ ಹೋದರು. ಯುರೋಪಿನಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಬಿಳಿಯರೂ ಆ ಹವೆಗೆ ಕುಗ್ಗಿಹೋಗ್ತಾರೆ ಅಂದರು. ಇದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಉತ್ತರವನ್ನು ಜೆಫರ್ಸನ್ ಮುಂದೆ ಒಂದು ಪತ್ರದಲ್ಲಿ ನೆನೆದಿದ್ದಾರೆ. ಪ್ಯಾರಿಸ್ ಪಕ್ಕದ ಪಾಸಿಯಲ್ಲಿ ಫ್ರಾಂಕ್ಲಿನ್ ಮನೆಯಲ್ಲಿ ಊಟ. ಟೇಬಲ್ಲಿನ ಒಂದು ಕಡೆ ಅಮೆರಿಕನ್ನರು, ಇನ್ನೊಂದು ಕಡೆ ಫ್ರೆಂಚರು. ರೇನಾಲ್ ತಮ್ಮ ಸಿದ್ಧಾಂತ ಬಿಚ್ಚಿದರು. ಫ್ರಾಂಕ್ಲಿನ್ ವಾದ ಮಾಡಲಿಲ್ಲ. ಎರಡೂ ಕಡೆಯವರು ಎದ್ದು ನಿಲ್ಲೋಣ, ಪ್ರಕೃತಿ ಯಾರನ್ನು ಕುಗ್ಗಿಸಿದೆ ಅಂತ ನೋಡೇ ಬಿಡೋಣ ಅಂದರು. ಎಲ್ಲರೂ ಎದ್ದರು. ಅಮೆರಿಕನ್ನರು ಎತ್ತರದ ಆಳುಗಳು. ಎದುರು ಬದಿಯವರು ಗಿಡ್ಡ. ಅದರಲ್ಲೂ ರೇನಾಲ್ ಎಲ್ಲರಿಗಿಂತ ಗಿಡ್ಡ.

ಕೇಳೋಕೆ ತಮಾಷೆಯಾಗಿದೆ. ಆದರೆ ಆ ತಮಾಷೆಯ ಹಿಂದೆ ಒಂದು ಭಯ ಇತ್ತು. ಆಗತಾನೇ ಹುಟ್ಟಿದ ದೇಶ ಅದು. ಬ್ರಿಟಿಷರ ಜೊತೆ ಯುದ್ಧ ಮಾಡಿ ಹೊರಬಂದಿದೆ. ಸಾಲ ಬೇಕು, ವ್ಯಾಪಾರ ಬೇಕು, ವಲಸೆ ಬರುವ ಜನ ಬೇಕು. ಅಲ್ಲಿಗೆ ಹೋದರೆ ಮನುಷ್ಯರೂ ದನಗಳೂ ಕುಗ್ಗುತ್ತವೆ ಅಂತ ಯುರೋಪಿನ ಅತಿ ದೊಡ್ಡ ವಿಜ್ಞಾನಿ ಪುಸ್ತಕದಲ್ಲಿ ಬರೆದರೆ ಯಾರು ದುಡ್ಡು ಹಾಕ್ತಾರೆ? ಯಾರು ಹಡಗು ಹತ್ತುತ್ತಾರೆ? ಒಬ್ಬರನ್ನು ಚಿಕ್ಕದು ಮಾಡಿದಾಗ ಮನಸ್ಸಿಗೆ ಮಾತ್ರ ನೋವಾಗಲ್ಲ, ಅವರ ಹೊಟ್ಟೆಪಾಡಿಗೂ ಏಟು ಬೀಳುತ್ತೆ.

ಜೆಫರ್ಸನ್ ಕೆಲಸಕ್ಕೆ ಇಳಿದರು. ಆಗ ಅವರು ವರ್ಜೀನಿಯಾ ರಾಜ್ಯದ ಗವರ್ನರ್. ಫ್ರೆಂಚ್ ರಾಜತಾಂತ್ರಿಕರೊಬ್ಬರು ಅಮೆರಿಕದ ರಾಜ್ಯಗಳ ಬಗ್ಗೆ ಒಂದು ಪ್ರಶ್ನಾವಳಿ ಕಳಿಸಿದ್ದರು. ಅದಕ್ಕೆ ಉತ್ತರ ಬರೆಯುತ್ತಾ ಬರೆಯುತ್ತಾ ಅದೊಂದು ಪುಸ್ತಕವೇ ಆಯ್ತು. 'ನೋಟ್ಸ್ ಆನ್ ದಿ ಸ್ಟೇಟ್ ಆಫ್ ವರ್ಜೀನಿಯಾ'. 1785ರಲ್ಲಿ ಪ್ಯಾರಿಸ್‌ನಲ್ಲಿ ಖಾಸಗಿಯಾಗಿ 200 ಪ್ರತಿ ಅಚ್ಚಾಯಿತು, 1787ರಲ್ಲಿ ಲಂಡನ್ ಆವೃತ್ತಿ ಬಂತು. ಅದರಲ್ಲಿ ಜೆಫರ್ಸನ್ ಕೋಷ್ಟಕ ಹಾಕಿದ್ದಾರೆ. ಒಂದು ಕಾಲಂ ಯುರೋಪ್, ಒಂದು ಕಾಲಂ ಅಮೆರಿಕ. ಯುರೋಪಿನ ಕರಡಿ 153.7 ಪೌಂಡ್, ಅಮೆರಿಕದ್ದು 410. ನೀರಿನಲ್ಲಿ ಅಣೆಕಟ್ಟು ಕಟ್ಟುವ ಬೀವರ್, ಯುರೋಪಿನದು 18.5 ಪೌಂಡ್, ಅಮೆರಿಕದ್ದು 45. ಹೀಗೆ ಸಾಲು ಸಾಲು. ಎಂಜಿನಿಯರಿಂಗ್ ಓದಿದವನಿಗೆ ಕೋಷ್ಟಕ ಕಂಡರೆ ಖುಷಿ, ನಾನಂತೂ ಅಲ್ಲೇ ಜೆಫರ್ಸನ್ ಅಭಿಮಾನಿ ಆಗಿಬಿಟ್ಟೆ. ಮುಂದೆ ನಾಲ್ಕನೇ ಅಧ್ಯಕ್ಷರಾದ ಜೇಮ್ಸ್ ಮ್ಯಾಡಿಸನ್ ಕೂಡ ಈ ವಾದಕ್ಕೆ ಸಹಾಯ ಮಾಡೋಕೆ ಒಂದು ವೀಸಲ್, ಅಂದ್ರೆ ನಮ್ಮ ಮುಂಗುಸಿಯ ಹಾಗೆ ಕಾಣುವ ಸಣ್ಣ ಪ್ರಾಣಿ, ಅದನ್ನು ಅಳತೆ ಮಾಡಿ ಪತ್ರ ಬರೆದರು.

ಈ ಪುಸ್ತಕದಲ್ಲಿ ಬಫಾನ್ ವಾದವನ್ನು ಹೇಳುವಾಗ ಜೆಫರ್ಸನ್‌ಗೆ ಒಂದು ಕ್ರಿಯಾಪದ ಬೇಕಾಯ್ತು. ಅಟ್ಲಾಂಟಿಕ್ ಸಮುದ್ರದ ಈಚೆ ದಡದಲ್ಲಿ ಪ್ರಕೃತಿ ತಾನು ಹಡೆದದ್ದನ್ನೆಲ್ಲ ಏನು ಮಾಡ್ತದೆ ಅಂತ ಆ ಸಿದ್ಧಾಂತ ಹೇಳ್ತದೆ? ಚಿಕ್ಕದು ಮಾಡ್ತದೆ. ಬಿಲಿಟಲ್ ಮಾಡ್ತದೆ. ಪದ ಹುಟ್ಟಿತು. ಗಮನಿಸಿ, ಮೊದಲಿಗೆ ಅದರ ಅರ್ಥ ನೇರವಾಗಿ ಗಾತ್ರಕ್ಕೇ ಸಂಬಂಧಪಟ್ಟಿದ್ದು. ಯೋಗ್ಯತೆಯನ್ನು ಕುಗ್ಗಿಸುವುದು ಅನ್ನುವ ಅರ್ಥ ಆಮೇಲೆ ಬಂತು, ಅದೇ ನಿಂತಿತು.

ಲಂಡನ್‌ನಲ್ಲಿ ಆ ಪುಸ್ತಕ ಬಂದಾಗ ಅಲ್ಲಿಯ ಒಂದು ಪತ್ರಿಕೆ, 'ಯುರೋಪಿಯನ್ ಮ್ಯಾಗಜೀನ್', ಈ ಹೊಸ ಪದವನ್ನು ಹಿಡಿದು ಚೆನ್ನಾಗಿ ಗೇಲಿ ಮಾಡಿತು. ನಮ್ಮ ದೇಶದ ಮೇಲೆ ಏನು ಬೇಕಾದರೂ ದಾಳಿ ಮಾಡಿ, ಕ್ಷಮಿಸ್ತೀವಿ, ದಯವಿಟ್ಟು ನಮ್ಮ ಮಾತೃಭಾಷೆಯನ್ನು ಮಾತ್ರ ಬಿಟ್ಟುಬಿಡಿ ಅನ್ನುವ ಧಾಟಿಯಲ್ಲಿ. ಚಿಕ್ಕದು ಮಾಡಬೇಡಿ ಅಂತ ಹೇಳೋಕೆ ಒಬ್ಬ ಹೊಸ ಪದ ಮಾಡಿದರೆ, ನಿನಗೆ ಇಂಗ್ಲಿಷ್ ಬರಲ್ಲ ಅಂತ ಆ ಪದವನ್ನೇ ಚಿಕ್ಕದು ಮಾಡಿದರು! ಆದರೂ ಪದ ಉಳೀತು. ಇವತ್ತು ಲಂಡನ್ನಿನವರೂ ಅದನ್ನು ಬಳಸ್ತಾರೆ.

ಜೆಫರ್ಸನ್ ಅಷ್ಟಕ್ಕೇ ಬಿಡಲಿಲ್ಲ. ಅಮೆರಿಕದ ರಾಜತಂತ್ರಜ್ಞರಾಗಿ ಪ್ಯಾರಿಸ್‌ಗೆ ಹೋದವರು ಬಫಾನ್‌ಗೆ ಒಂದು ಪ್ಯಾಂಥರ್ ಚರ್ಮ ಕಳಿಸಿದರು. ಮೂಸ್ ಬಗ್ಗೆ ಹೇಳಿದರು. ಮೂಸ್ ಅಂದ್ರೆ ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ, ನಮ್ಮ ಕಾಡಿನ ಕಡವೆಗಿಂತ ಎಷ್ಟೋ ದೊಡ್ಡದು. ಯುರೋಪಿನ ಹಿಮಸಾರಂಗ ನಮ್ಮ ಮೂಸ್‌ನ ಹೊಟ್ಟೆಯ ಕೆಳಗೆ ನಡೆದುಹೋಗಬಹುದು ಅಂತ ಜೆಫರ್ಸನ್ ಅಂದರು. ಬಫಾನ್ ನಂಬಲಿಲ್ಲ. ಸರಿ, ತರಿಸ್ತೀನಿ ಅಂತ ಜೆಫರ್ಸನ್, ನ್ಯೂ ಹ್ಯಾಂಪ್‌ಶೈರ್‌ನ ಜಾನ್ ಸಲಿವನ್‌ಗೆ ಪತ್ರ ಬರೆದರು. ಸಲಿವನ್ ಕಡೆಯವರು 1787ರಲ್ಲಿ ವರ್ಮಾಂಟ್‌ನ ಹಿಮದಲ್ಲಿ ಒಂದು ಮೂಸ್ ಹೊಡೆದು, ರಸ್ತೆಯೇ ಇಲ್ಲದ ಕಾಡಿನಲ್ಲಿ ದಾರಿ ಕಡಿದುಕೊಂಡು ಎಳೆದು ತಂದರು. ಚರ್ಮ, ಮೂಳೆ ಹಡಗಿನಲ್ಲಿ ಪ್ಯಾರಿಸ್‌ಗೆ ಹೋಯ್ತು. ತಲುಪುವ ಹೊತ್ತಿಗೆ ಕೂದಲು ಉದುರುತ್ತಿತ್ತು. ಕೊಂಬು ಆ ಮೂಸ್‌ನದ್ದಲ್ಲ, ಬೇರೆಯದ್ದು. ಜೆಫರ್ಸನ್ ಅದಕ್ಕೆಲ್ಲ ಕ್ಷಮೆ ಕೇಳಿ ಪತ್ರದ ಜೊತೆ ಬಫಾನ್‌ಗೆ ಕಳಿಸಿಕೊಟ್ಟರು. ಬಫಾನ್ ಒಪ್ಪಿದರು, ಮುಂದಿನ ಸಂಪುಟದಲ್ಲಿ ತಿದ್ದುತ್ತೇನೆ ಅಂದರು ಅಂತ ಜೆಫರ್ಸನ್ ಮುಪ್ಪಿನಲ್ಲಿ ಹೇಳಿಕೊಂಡಿದ್ದಾರೆ. ತಿದ್ದುವ ಮೊದಲೇ, 1788ರ ಏಪ್ರಿಲ್‌ನಲ್ಲಿ ಬಫಾನ್ ತೀರಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು! ಸಣ್ಣವರು ಅಂದವರ ಬಾಯಿ ಮುಚ್ಚಿಸಿದ ಧೀರನ ಕಥೆ. ನಾವು ಟಿವಿಯವರು ಹಿನ್ನೆಲೆ ಸಂಗೀತ ಹಾಕಿ ಅಲ್ಲಿಗೇ ಮುಗಿಸ್ತಿದ್ದೆವು.

ಆದರೆ ಅದೇ ಪುಸ್ತಕದ ಇನ್ನಷ್ಟು ಪುಟ ತಿರುಗಿಸಬೇಕು.

ಅದೇ ಪುಸ್ತಕದಲ್ಲಿ ಜೆಫರ್ಸನ್ ಅಮೆರಿಕದ ಮೂಲನಿವಾಸಿಗಳ ಪರವಾಗಿ ಬಫಾನ್ ಜೊತೆ ವಾದ ಮಾಡ್ತಾರೆ. ಅವರೂ ಧೈರ್ಯವಂತರು, ಮಾತುಗಾರರು ಅಂತ ಲೋಗನ್ ಅನ್ನುವ ನಾಯಕನ ಭಾಷಣವನ್ನು ಉದಾಹರಣೆ ಕೊಡ್ತಾರೆ. ಮುಂದೆ ಹದಿನಾಲ್ಕನೇ ಪ್ರಶ್ನೆಗೆ ಉತ್ತರ ಬರೆಯುವಾಗ ಕಪ್ಪು ಜನರ ವಿಷಯ ಬರುತ್ತೆ. ಅಲ್ಲಿ ಜೆಫರ್ಸನ್ ಬರೆಯುವುದೇನು? ನೆನಪಿನ ಶಕ್ತಿಯಲ್ಲಿ ಅವರು ಬಿಳಿಯರಿಗೆ ಸಮ, ಆದರೆ ತರ್ಕಶಕ್ತಿಯಲ್ಲಿ ಬಹಳ ಕೆಳಗೆ, ಕಲ್ಪನೆ ಮಂಕು ಅಂತ. ಇದು ನನ್ನ ಅನುಮಾನ ಮಾತ್ರ ಅಂತ ಒಂದು ಸಾಲು ಸೇರಿಸ್ತಾರೆ ನಿಜ. ಆದರೆ ಬರೆದದ್ದು ಬರೆದದ್ದೇ.

ಫಿಲಿಸ್ ವೀಟ್ಲಿ ಅಂತ ಒಬ್ಬ ಕವಯಿತ್ರಿ. ಏಳೆಂಟು ವರ್ಷದ ಮಗುವಾಗಿದ್ದಾಗ ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದು 1761ರಲ್ಲಿ ಬಾಸ್ಟನ್‌ನಲ್ಲಿ ಮಾರಿದ್ದರು. ಆ ಮಗು ತಂದ ಹಡಗಿನ ಹೆಸರು ಫಿಲಿಸ್, ಕೊಂಡವರ ಮನೆತನದ ಹೆಸರು ವೀಟ್ಲಿ. ಆಕೆಯ ಹೆಸರಿನಲ್ಲಿ ಆಕೆಯದ್ದು ಅನ್ನೋದೇ ಏನೂ ಇಲ್ಲ. ಆ ಹುಡುಗಿ ಇಂಗ್ಲಿಷ್ ಕಲಿತು, ಲ್ಯಾಟಿನ್ ಕಲಿತು, ಕವಿತೆ ಬರೆದರು. ಇದನ್ನು ನೀನೇ ಬರೆದದ್ದು ಅಂತ ಜನ ನಂಬಬೇಕಲ್ಲ? ಬಾಸ್ಟನ್ನಿನ 18 ಮಂದಿ ಗಣ್ಯರು, ಗವರ್ನರ್ ಸೇರಿದಂತೆ, ಹೌದು, ಇದು ಆಕೆಯೇ ಬರೆದದ್ದು ಅಂತ ಸಹಿ ಹಾಕಿಕೊಡಬೇಕಾಯ್ತು. 1773ರಲ್ಲಿ ಲಂಡನ್‌ನಲ್ಲಿ ಪುಸ್ತಕ ಬಂತು. ಜೆಫರ್ಸನ್ ಆಕೆಯ ಬಗ್ಗೆ ಏನು ಹೇಳಿದರು? ಆ ಕವಿತೆಗಳು ವಿಮರ್ಶೆ ಮಾಡುವ ಯೋಗ್ಯತೆಗೂ ಕೆಳಗಿನವು ಅಂತ. ಒಂದೇ ಮಾತು. ಕೋಷ್ಟಕ ಇಲ್ಲ, ತೂಕ ಇಲ್ಲ. ಬೀವರ್‌ಗೆ ಕೊಟ್ಟಷ್ಟು ಜಾಗವನ್ನೂ ಆಕೆಗೆ ಕೊಡಲಿಲ್ಲ.

ಇನ್ನೊಬ್ಬರು ಬೆಂಜಮಿನ್ ಬ್ಯಾನೆಕರ್. ಮೇರಿಲ್ಯಾಂಡ್‌ನ ರೈತ. ಕಪ್ಪು ಮನುಷ್ಯ, ಗುಲಾಮ ಅಲ್ಲ, ಸ್ವತಂತ್ರ. ಸಾಲ ತಂದ ಪುಸ್ತಕಗಳನ್ನು ಓದಿ ತಾವೇ ಖಗೋಳ ಲೆಕ್ಕ ಕಲಿತರು. 1791ರಲ್ಲಿ ಅಮೆರಿಕದ ಹೊಸ ರಾಜಧಾನಿಗೆ ಜಾಗದ ಸರ್ವೆ ಶುರುವಾದಾಗ ಅಲ್ಲಿ ಕೆಲಸ ಮಾಡಿದರು. ಮರುವರ್ಷದ ಪಂಚಾಂಗವನ್ನು, ಸೂರ್ಯ ಚಂದ್ರ ಗ್ರಹಣದ ಲೆಕ್ಕವನ್ನೆಲ್ಲ ತಮ್ಮ ಕೈಯಾರೆ ಮಾಡಿದರು. 1791ರ ಆಗಸ್ಟ್ 19ರಂದು ಆ ಪಂಚಾಂಗದ ಹಸ್ತಪ್ರತಿಯ ಜೊತೆ ಜೆಫರ್ಸನ್‌ಗೆ ಒಂದು ಪತ್ರ ಬರೆದರು. ಆಗ ಜೆಫರ್ಸನ್ ಸರ್ಕಾರದಲ್ಲಿ ವಿದೇಶಾಂಗ ವ್ಯವಹಾರ ನೋಡುವ ಮಂತ್ರಿ. ಬ್ಯಾನೆಕರ್ ಬಹಳ ವಿನಯದಿಂದಲೇ, ಆದರೆ ನೇರವಾಗಿ ಕೇಳಿದರು. ಬ್ರಿಟಿಷ್ ರಾಜ ನಿಮ್ಮನ್ನು ಗುಲಾಮರ ಹಾಗೆ ನಡೆಸಿಕೊಂಡಾಗ ನಿಮಗೆ ಏನನಿಸಿತ್ತು ನೆನಪು ಮಾಡ್ಕೊಳ್ಳಿ. ಎಲ್ಲ ಮನುಷ್ಯರೂ ಸಮಾನರು ಅಂತ ಆಗ ಬರೆದವರು ನೀವೇ. ಈಗ ನನ್ನ ಜನರನ್ನು ಅದೇ ಸ್ಥಿತಿಯಲ್ಲಿ ಇಟ್ಟುಕೊಂಡಿದೀರಲ್ಲ?

ಜೆಫರ್ಸನ್ ಹನ್ನೊಂದೇ ದಿನಕ್ಕೆ ಉತ್ತರ ಕೊಟ್ಟರು. ಮರ್ಯಾದೆಯ ಪತ್ರ. ನಿಮ್ಮ ಪಂಚಾಂಗವನ್ನು ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯ ಕಾರ್ಯದರ್ಶಿ ಕಾಂಡೊರ್ಸೆಗೆ ಕಳಿಸಿದ್ದೇನೆ, ಇದು ನಿಮ್ಮ ಜನರ ಮೇಲಿನ ಸಂಶಯಗಳಿಗೆ ಉತ್ತರ ಅಂದರು. ಆದರೆ 1809ರಲ್ಲಿ, ಬ್ಯಾನೆಕರ್ ತೀರಿಕೊಂಡ ಮೂರು ವರ್ಷದ ಮೇಲೆ, ಗೆಳೆಯ ಜೋಯಲ್ ಬಾರ್ಲೋಗೆ ಬರೆದ ಖಾಸಗಿ ಪತ್ರದಲ್ಲಿ ಮಾತು ಬೇರೆ. ಆ ಲೆಕ್ಕಕ್ಕೆ ಬೇರೆಯವರ ಸಹಾಯ ಇದ್ದಿರಬಹುದು ಅನ್ನುವ ಅನುಮಾನ. ಮತ್ತೆ, ಆ ಮನುಷ್ಯನ ಉದ್ದದ ಪತ್ರ ನನ್ನ ಹತ್ತಿರ ಇದೆ, ಅದನ್ನು ನೋಡಿದರೆ ಅವನ ಬುದ್ಧಿ ತೀರಾ ಸಾಮಾನ್ಯ ಎತ್ತರದ್ದು ಅಂತ ಗೊತ್ತಾಗುತ್ತೆ ಅನ್ನುವ ಮಾತು. ಎತ್ತರ! ಯಾವ ಅಳತೆಪಟ್ಟಿ ಹಿಡಿದು ಬಫಾನ್ ತಮ್ಮ ಖಂಡವನ್ನು ಅಳೆದರು ಅಂತ ಮೂಸ್ ತರಿಸಿ ಜಗಳ ಆಡಿದ್ದರೋ, ಅದೇ ಅಳತೆಪಟ್ಟಿ ಈಗ ಜೆಫರ್ಸನ್ ಕೈಯಲ್ಲಿತ್ತು.

ಇದನ್ನು ಓದುವಾಗ ನನಗೆ ಕಾಲೇಜಿನ ಲ್ಯಾಬ್ ನೆನಪಾಯ್ತು. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟ ತಕ್ಷಣ ನಾವು ಅಳೆಯೋಕೆ ಓಡ್ತಿದ್ದೆವು. ಲೆಕ್ಚರರ್ ತಡೆದು, ಮೊದಲು ಝೀರೋ ಎರರ್ ನೋಡ್ರಪ್ಪಾ ಅಂತಿದ್ದರು. ಅದರ ಎರಡು ದವಡೆ ಮುಚ್ಚಿ ಹಿಡಿದಾಗ ಅದು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಆ ಉಪಕರಣದಲ್ಲೇ ದೋಷ ಇದೆ. ಅದನ್ನು ಕಳೆಯದೆ ನೀವು ಎಷ್ಟೇ ಎಚ್ಚರಿಕೆಯಿಂದ ಅಳೆದರೂ, ಎಷ್ಟು ಸಲ ಅಳೆದರೂ, ಪ್ರತಿ ಉತ್ತರವೂ ಅಷ್ಟೇ ತಪ್ಪು. ಜೆಫರ್ಸನ್ ಕರಡಿಯ ತೂಕವನ್ನು ದಶಮಾಂಶದವರೆಗೆ ಬರೆದರು. ಆದರೆ ಅವರ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು. ಜೀವಮಾನದಲ್ಲಿ ಅವರ ಒಡೆತನದಲ್ಲಿ ಇದ್ದವರು 600ಕ್ಕೂ ಹೆಚ್ಚು. ಆ ಜನ ತನಗೆ ಸಮ ಅಂತ ಒಪ್ಪಿದರೆ ಮನೆ, ಜಮೀನು, ಬದುಕಿನ ರೀತಿ ಎಲ್ಲವೂ ಅಲುಗಾಡುತ್ತೆ. ಝೀರೋ ಎರರ್ ಅಲ್ಲಿತ್ತು.

ಈಗ ನಮ್ಮ ಕಡೆಗೆ ಬರೋಣ. ಅಮೆರಿಕದವರನ್ನು ಬೈದು ಮನೆಗೆ ಹೋಗೋದು ಸುಲಭ.

ದೆಹಲಿಯ ಇಂಗ್ಲಿಷ್ ಚಾನೆಲ್ಲುಗಳು ನಮ್ಮನ್ನೆಲ್ಲ ಸೇರಿಸಿ 'ಸೌತ್' ಅನ್ನುವ ಒಂದೇ ಡಬ್ಬಕ್ಕೆ ಹಾಕಿದಾಗ ನಮಗೆ ಉರಿಯುತ್ತೆ. ಕರ್ನಾಟಕದ ಸುದ್ದಿಗೆ ಅರ್ಧ ನಿಮಿಷ ಕೊಟ್ಟಾಗ ಇದೇ ಕುರ್ಚಿಯಲ್ಲಿ ಕೂತು ಎಷ್ಟು ಸಲ ಗುಡುಗಿದ್ದೀನಿ ನಾನು! ಕನ್ನಡ ಮಾತಾಡಿದರೆ ಕೀಳಾಗಿ ಕಾಣ್ತಾರೆ ಅಂತ ಎಷ್ಟು ಚರ್ಚೆ ಮಾಡಿದ್ದೀವಿ! ಎಲ್ಲ ನ್ಯಾಯವೇ. ಆದರೆ ಅದೇ ನಾವು ನಮ್ಮ ಸಿನಿಮಾದಲ್ಲಿ, ಸೀರಿಯಲ್‌ನಲ್ಲಿ ಉತ್ತರ ಕರ್ನಾಟಕದ ಕನ್ನಡ ಬಂತು ಅಂದ್ರೆ ನಗೋಕೆ ರೆಡಿಯಾಗಿ ಕೂತ್ಕೋತೀವಿ. ಆ ಭಾಷೆ ಬಾಯಿ ಬಿಟ್ಟರೆ ಕಾಮಿಡಿ ಅಂತ ಮೊದಲೇ ತೀರ್ಮಾನ ಆಗಿರುತ್ತೆ. ಮೇಲಿನವನು ಚಿಕ್ಕದು ಮಾಡಿದರೆ ನೋವು. ಕೆಳಗಿನವನನ್ನು ನಾವು ಚಿಕ್ಕದು ಮಾಡಿದರೆ ಅದು ತಮಾಷೆ, ಅದು ಎಂಟರ್‌ಟೈನ್‌ಮೆಂಟ್.

ನಮ್ಮ ಸ್ಟುಡಿಯೋದಲ್ಲಿ ಇದಕ್ಕೆ ಸಲಕರಣೆಗಳೇ ಇವೆ. ನಿಮಗೆ ತೆರೆಯ ಮೇಲೆ ನಾಲ್ಕು ವಿಂಡೋ ಕಾಣುತ್ತೆ. ಆಂಕರ್ ವಿಂಡೋ ದೊಡ್ಡದು, ಉಳಿದವರದ್ದು ಚಿಕ್ಕದು. ಅತಿಥಿ ಜೋರು ಮಾಡಿದರೆ ಅವರ ಆಡಿಯೋ ಇಳಿಸಬಹುದು, ನಿಮಗೆ ಗೊತ್ತೂ ಆಗಲ್ಲ. ಉತ್ತರ ಕೊಡೋಕೆ ಅವರು ಉಸಿರು ತಗೊಳ್ಳುವಾಗಲೇ ಬ್ರೇಕ್‌ಗೆ ಹೋಗಬಹುದು. ಯಾವುದೂ ಸಾಲದಿದ್ದರೆ ಒಂದು ನಗು ಸಾಕು. ಬೈದರೆ ಕೇಸ್ ಆಗುತ್ತೆ. ನಕ್ಕರೆ ಯಾವ ಕೇಸೂ ಇಲ್ಲ.

ನಾನು ಮಾಡಿದ್ದು ಅದನ್ನೇ. 'ಏನು ಓದಿದೀರಿ' ಅನ್ನೋದು ಬೈಗುಳ ಅಲ್ಲ ಅಂತ ವಾದ ಮಾಡ್ತಿದ್ದೆನಲ್ಲ? ಮೇಷ್ಟ್ರ ಕಾರ್ಡ್ ಬಂದ ಮೇಲೆ ಆ ರೆಕಾರ್ಡಿಂಗ್ ತರಿಸಿ ನೋಡಿದೆ. ಇನ್ನೊಂದು ಸಲ ನೋಡಿದೆ. ಆಗ ಒಂದು ವಿಷಯ ಹೊಳೀತು. ಆ ರೈತರು ಕೇಳಿದ ಪ್ರಶ್ನೆ ಸರಿ ಇತ್ತು. ಬರೀ ಸರಿ ಅಲ್ಲ, ಅವತ್ತಿನ ಇಡೀ ಚರ್ಚೆಯಲ್ಲಿ ಯಾರಾದರೂ ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ. ಮೋಡ ಬಿತ್ತನೆ ಮೋಡವನ್ನು ಹುಟ್ಟಿಸಲ್ಲ. ತೇವಾಂಶ ಇರುವ, ತಕ್ಕ ಮೋಡ ಮೊದಲೇ ಇರಬೇಕು. ಇದ್ದರೆ ಅದರಿಂದ ಸ್ವಲ್ಪ ಮಳೆ ಹೊರಡಿಸೋಕೆ ಪ್ರಯತ್ನ ಮಾಡಬಹುದು, ಅಷ್ಟೇ. ಬರಿದಾದ ಆಕಾಶಕ್ಕೆ ಸಿಲ್ವರ್ ಅಯೋಡೈಡ್ ಎರಚಿದರೆ ಏನೂ ಆಗಲ್ಲ. ನಾಲ್ಕನೇ ಕ್ಲಾಸ್ ಓದಿದವರು ಹೊಲದಲ್ಲಿ ನಿಂತು, ತಲೆ ಎತ್ತಿ ನೋಡಿ, ಆ ಪ್ರಶ್ನೆ ಕೇಳಿದರು. ಬಿಇ ಓದಿದ ನಾನು ಗ್ರಾಫಿಕ್ಸ್ ನೋಡ್ತಾ ಕೂತಿದ್ದೆ. ನನಗೆ ಕೇಳಿಸಿದ್ದು ಅವರ ಪ್ರಶ್ನೆ ಅಲ್ಲ, ಅವರ ಭಾಷೆ.

ನಮ್ಮ ಕನ್ನಡ ಇದನ್ನು ಹೇಗೆ ಹೇಳ್ತದೆ ನೋಡಿ. ಇಂಗ್ಲಿಷ್ ಗಾತ್ರದ ಲೆಕ್ಕ ಹಿಡೀತು. ನಾವು ತೂಕದಲ್ಲೂ ಹೇಳ್ತೀವಿ, 'ಅವರ ಬಗ್ಗೆ ಹಗುರವಾಗಿ ಮಾತಾಡಬೇಡ' ಅಂತ. ಇನ್ನೊಂದು ಪದ ಇದೆ ನಮ್ಮಲ್ಲಿ, 'ಸಣ್ಣತನ'. ಆ ಪದ ಯಾರ ಮೇಲೆ ಕೂರುತ್ತೆ ಯೋಚನೆ ಮಾಡಿ. ಇನ್ನೊಬ್ಬರನ್ನು ಹೀಯಾಳಿಸಿದವನನ್ನು ನೋಡಿ, 'ಅವನ ಸಣ್ಣತನ ತೋರಿಸಿದ' ಅಂತೀವಿ. ಹೀಯಾಳಿಸಿಕೊಂಡವರ ಬಗ್ಗೆ ಯಾರೂ ಹಾಗನ್ನಲ್ಲ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ನಾನು ಗೊತ್ತು ಮಾಡ್ಕೊಳ್ಳೋಕೆ ಅಮೆರಿಕಕ್ಕೆ ಹೋಗಿ ಬರಬೇಕಾಯ್ತು.

ಆಮೇಲೆ ಏನು ಮಾಡಿದೆ ಅಂತ ಕೇಳ್ತೀರಿ. ಕಾಲ್ ಶೀಟ್‌ನಲ್ಲಿ ಅವರ ನಂಬರ್ ಇತ್ತು. ಮೂರು ದಿನ ಮುಂದೂಡಿದೆ, ಸುಳ್ಳು ಹೇಳಲ್ಲ. ನಾಲ್ಕನೇ ದಿನ ಫೋನ್ ಮಾಡಿದೆ.

"ಯಾರ್ರೀ? ಟಿವ್ಯಾಗ ಬರೋರಾ?" ಅಂದರು. ಹೌದು ಅಂದೆ. ಅವತ್ತು ನಾನು ಹಾಗೆ ಕೇಳಬಾರದಿತ್ತು, ತಪ್ಪಾಯ್ತು ಅಂದೆ.

"ಅಯ್ಯ, ಬಿಡ್ರೀ ಸರ. ಓದಿದ ಮಂದಿ ಹಂಗ ಕೇಳ್ತಾರ. ನಮಗ ರೂಢಿ ಐತಿ."

ಬೈದಿದ್ದರೆ ಚೆನ್ನಾಗಿತ್ತು. ರೂಢಿ ಐತಿ ಅಂದರಲ್ಲ, ಅದು ಇನ್ನೂ ಕಿವಿಯಲ್ಲಿದೆ. ಎಷ್ಟು ಕಚೇರಿ, ಎಷ್ಟು ಬ್ಯಾಂಕು, ಎಷ್ಟು ಆಸ್ಪತ್ರೆಯ ಕೌಂಟರ್ ಸೇರಿ ಆ ರೂಢಿ ಮಾಡಿಸಿರಬೇಕು? ಆ ಸಾಲಿನಲ್ಲಿ ನಾನೂ ಒಬ್ಬ.

ಫೋನ್ ಇಡ್ತಾರೇನೋ ಅಂದುಕೊಂಡೆ. ಇಡಲಿಲ್ಲ.

"ಅದಿರ್ಲಿ ಸರ, ನಾ ಕೇಳಿದ್ದಕ್ಕ ಉತ್ತರ ಏನ್ರೀ?"

"ನೀವು ಕೇಳಿದ್ದೇ ಸರಿ ಯಜಮಾನ್ರೇ. ಮೋಡ ಇಲ್ಲದೆ ಬಿತ್ತನೆ ಆಗಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟ ಅವತ್ತ ಹೇಳಿದ್ರ ಆಗ್ತಿತ್ತಲ್ರೀ. ನಮ್ಮೂರಾಗ ಮಂದಿ ಇಮಾನದ ಹಾದಿ ಕಾಯ್ತಾ ಕುಂತಿದ್ರು" ಅಂದರು.

ಅದಕ್ಕೇ ಇವತ್ತು ಹೇಳ್ತಾ ಇದ್ದೀನಿ. ನಗುವನ್ನು ಎಲ್ಲರ ಮುಂದೆ ನಕ್ಕಿದ್ದೆ, ಹಾಗಾಗಿ ತಪ್ಪನ್ನೂ ಎಲ್ಲರ ಮುಂದೆಯೇ ಒಪ್ಪಿಕೊಳ್ಳಬೇಕು. ಕಾರ್ಡ್ ಬರೆದ ಮೇಷ್ಟ್ರಿಗೆ ಧನ್ಯವಾದ. ನಾಳೆಯ ಫೋನ್-ಇನ್‌ನಲ್ಲಿ ಮಳೆಯ ವಿಷಯವನ್ನೇ ಮತ್ತೆ ಇಟ್ಟುಕೊಂಡಿದ್ದೀವಿ. ಮೊದಲ ಕರೆ ಆ ಯಜಮಾನರದ್ದು. ಏನು ಓದಿದೀರಿ ಅಂತ ಯಾರನ್ನೂ ಕೇಳಲ್ಲ. ಪ್ರಶ್ನೆ ಇದ್ದರೆ ನೀವೂ ಕರೆ ಮಾಡಿ.